ಲಂಡನ್ ಬಿದ್ದದೆ, ಡಾಲರ್ ಎದ್ದದೆ: ಸಕಲೇಶಪುರದ ಒಂದು ತೋಟದ ಎರಡು ಡೈರಿಗಳು

ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪನ ಮನೆಯ ಅಟ್ಟ ಸೋರಿತು. ಸಾಮಾನು ಕೆಳಗಿಳಿಸುವಾಗ ಒಂದು ಟ್ರಂಕ್ ತುಂಬ ಹಳೆ ಡೈರಿ ಸಿಕ್ಕವು. ಬ್ಯಾಂಕಿನವರು, ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಡುತ್ತಾರಲ್ಲ, ಅಂಥವು. ತೋಟ ಇರುವುದು ಸಕಲೇಶಪುರದಿಂದ ಹಾನುಬಾಳಿಗೆ ಹೋಗುವ ದಾರಿಯಲ್ಲಿ, ಹದಿನೆಂಟು ಎಕರೆ. ಮುಕ್ಕಾಲು ಪಾಲು ಅರೇಬಿಕಾ ಕಾಫಿ, ತಗ್ಗಿನಲ್ಲಿ ಒಂದಿಷ್ಟು ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸು, ಹಳ್ಳದ ಪಕ್ಕ ಸ್ವಲ್ಪ ಗದ್ದೆ. ನಾನು ಹಾಸನದಲ್ಲಿ ಅವರಿವರ ಲೆಕ್ಕ ಬರೆದು, ಟ್ಯಾಕ್ಸ್ ರಿಟರ್ನ್ ತುಂಬಿ ಬದುಕುವವನು. ಇಂಥ ಡೈರಿ ಕಂಡರೆ ಬಿಡುತ್ತೇನಾ? 2001ರದ್ದು, 2008ರದ್ದು ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಬಂದೆ.

ಆ ಎರಡೇ ಯಾಕೆ ಅಂದರೆ, 2008 ಪ್ರಪಂಚ ಮುಗ್ಗರಿಸಿದ ವರ್ಷ. ಸೆಪ್ಟೆಂಬರ್ 15ಕ್ಕೆ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು, ಮುಂದಿನ ವರ್ಷ ಇಡೀ ಜಗತ್ತಿನ ಉತ್ಪನ್ನವೇ ಕುಗ್ಗಿತು, ಎರಡನೇ ಮಹಾಯುದ್ಧದ ನಂತರ ಇಂಥದ್ದು ಆಗಿರಲಿಲ್ಲ. 2001ರಲ್ಲೂ ಅಮೆರಿಕದಲ್ಲಿ ಹಿಂಜರಿತ ಇತ್ತು, ಆದರೆ ಎಂಟು ತಿಂಗಳಲ್ಲಿ ಮುಗಿಯಿತು, ಈಗ ಯಾರಿಗೂ ನೆನಪಿಲ್ಲ. ಈ ಲೆಕ್ಕದಲ್ಲಿ ತೋಟ ಮುರಿಯಬೇಕಾಗಿದ್ದು 2008ರಲ್ಲಿ ಅಲ್ವಾ? ಡೈರಿಯಲ್ಲಿ ಉಲ್ಟಾ ಇದೆ. 2001ರ ಡೈರಿ ಓದಿದರೆ ಹೊಟ್ಟೆ ಕಿವುಚುತ್ತದೆ. 2008ರದ್ದರಲ್ಲಿ ಭಯ ಇದೆ, ಬೈಗುಳ ಇದೆ, ಆದರೆ ಅನಾಹುತ ಇಲ್ಲ.

"ಭಾರತದಂಥ ದೇಶ ಜಾಗತಿಕ ಹಿಂಜರಿತವನ್ನು ಹೇಗೆ ತಡೆದುಕೊಂಡಿತು" ಅಂತ ದೊಡ್ಡ ದೊಡ್ಡ ವರದಿಗಳಿವೆ. ನನಗೆ ಅದು ಅರ್ಥವಾಗಿದ್ದು ಈ ಎರಡು ಡೈರಿಯನ್ನು ಪಕ್ಕಪಕ್ಕ ಇಟ್ಟುಕೊಂಡ ಮೇಲೆ.

2001ರ ಕಥೆ 1994ರಲ್ಲೇ ಶುರುವಾಗುತ್ತದೆ. ಆ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದವು, ಇಲ್ಲಿ ರೇಟು ಮುಗಿಲಿಗೆ ಏರಿತು. ಅದೇ ಹೊತ್ತಿಗೆ ಸರ್ಕಾರದ ಕಾಫಿ ಬೋರ್ಡಿನ ಪೂಲ್ ಕೂಡ ಕಳಚುತ್ತಿತ್ತು. ಮೊದಲೆಲ್ಲ ಬೆಳೆದ ಕಾಫಿಯನ್ನು ಬೋರ್ಡಿಗೆ ಕೊಡಬೇಕು, ಅವರು ಕಂತಿನಲ್ಲಿ ದುಡ್ಡು ಕೊಡಬೇಕು. 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಸ್ವತಂತ್ರ. ಮಲೆನಾಡಿನಲ್ಲಿ ಹೊಸ ಜೀಪು, ಹೊಸ ಮನೆ, ಹೊಸ ಸಾಲ. ಚಿಕ್ಕಪ್ಪನೂ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹಾಕಿಸಿದ, ಕಣಕ್ಕೆ ಸಿಮೆಂಟ್ ಹಾಕಿಸಿದ, ಎಲ್ಲ ಬ್ಯಾಂಕ್ ಸಾಲದಲ್ಲಿ. ತಪ್ಪು ಅಂತ ಹೇಳಲಾರೆ, ಎಲ್ಲರೂ ಅದನ್ನೇ ಮಾಡಿದರು. ಆದರೆ ಒಂದು ವಿಷಯ ಯಾರೂ ಗಮನಿಸಲಿಲ್ಲ. ಜಗತ್ತಿನ ರೇಟಿಗೂ ನಮ್ಮ ಕಣಕ್ಕೂ ಮಧ್ಯೆ ಇದ್ದ ಗೋಡೆ ಬಿದ್ದುಹೋಗಿತ್ತು.

ವಿಯೆಟ್ನಾಂನವರು ಅಷ್ಟರಲ್ಲಿ ಕಾಫಿ ಹಾಕಿ ಹಾಕಿ ಕೊಲಂಬಿಯಾವನ್ನೂ ಹಿಂದೆ ಹಾಕಿ, ಬ್ರೆಜಿಲ್ ನಂತರದ ಎರಡನೇ ಸ್ಥಾನಕ್ಕೆ ಬಂದರು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಬೆಲೆ 1997ರಲ್ಲಿ ಪೌಂಡಿಗೆ ಸುಮಾರು 134 ಸೆಂಟ್ ಇತ್ತು. 2001ರಲ್ಲಿ 46. ಮೂರರಲ್ಲಿ ಎರಡು ಪಾಲು ಮಾಯ.

2001ರ ಡೈರಿಯಲ್ಲಿ ವಾಕ್ಯಗಳೇ ಇಲ್ಲ. "ಕೂಲಿ ಬಾಕಿ 3 ವಾರ." "ಗೊಬ್ಬರ ಇಲ್ಲ ಈ ಸಲ." "ಓಕ್ 22 ಮರ ಕೊಟ್ಟೆ." ಡಿಸೆಂಬರ್‌ನಲ್ಲಿ ಒಂದು ಪುಟದಲ್ಲಿ ಎರಡೇ ಪದ: "ಸರ ಇಟ್ಟೆ." ಚಿಕ್ಕಮ್ಮನ ಅವಲಕ್ಕಿ ಸರ ಅದು. ತವರಿನವರು ಹಾಕಿದ್ದು. ಚಿಕ್ಕಮ್ಮನನ್ನು ಕೇಳಿದೆ, "ಬಿಡಿಸಿಕೊಂಡ್ರಾ ಚಿಕ್ಕಮ್ಮ?" ಅಂತ. "ಬಿಡಿಸಿದ್ರು ಬಿಡು, ಆರು ವರ್ಷ ಆಯ್ತು" ಅಂದರು. ಒಲೆ ಕಡೆ ತಿರುಗಿಕೊಂಡೇ ಅಂದರು.

ಮೆಣಸು ಕೈಹಿಡಿಯಬೇಕಿತ್ತು. ಮಿಶ್ರ ಬೆಳೆ ಹಾಕಿ, ಒಂದು ಬಿದ್ದರೆ ಇನ್ನೊಂದು ನಿಲ್ಲುತ್ತದೆ ಅಂತ ಎಲ್ಲ ತಜ್ಞರೂ ಹೇಳುತ್ತಾರೆ. ಆದರೆ ವಿಯೆಟ್ನಾಂ ಅದೇ ಸಮಯದಲ್ಲಿ ಮೆಣಸನ್ನೂ ರಾಶಿ ರಾಶಿ ಬೆಳೆಯಿತು. ಕಾಫಿಯ ಜೊತೆ ಮೆಣಸೂ ಬಿತ್ತು. ಎರಡು ಬೆಳೆ ಇದ್ದರೂ ಗಾಳಿ ಬಂದಿದ್ದು ಒಂದೇ ಬಾಗಿಲಿನಿಂದ. (ಆಮೇಲೆ 2003ರಲ್ಲಿ ವೆನಿಲ್ಲಾ ಹುಚ್ಚು ಬಂತು. ಹಸಿ ಬೀನ್ಸ್ ಕಿಲೋಗೆ ಮೂರು ಸಾವಿರ ದಾಟಿದ್ದು, ಜನ ರಾತ್ರಿ ಬ್ಯಾಟರಿ ಹಿಡಿದು ಬಳ್ಳಿ ಕಾದಿದ್ದು, ಎರಡು ವರ್ಷದಲ್ಲಿ ಕೇಳುವವರೇ ಇಲ್ಲದೆ ಹೋಗಿದ್ದು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ, ನಮ್ಮ ಮಾವನೊಬ್ಬರ ಮಾನ ಹೋಗುತ್ತದೆ.)

ನಿಜವಾದ ಪೆಟ್ಟು ಬಿದ್ದದ್ದು ರೇಟಿನಿಂದ ಅಲ್ಲ. ದುಡ್ಡಿಲ್ಲ ಅಂತ ಚಿಕ್ಕಪ್ಪ ಓಕ್ ಮರ ಕಡಿದು ಮಾರಿದ. ನೆರಳು ಹೋಯಿತು. ನೆರಳು ಹೋದ ಅರೇಬಿಕಾಕ್ಕೆ ಕಾಂಡಕೊರಕ ಹುಳ (ಬೋರರ್) ಬಂದೇ ಬರುತ್ತದೆ. ಬೋರರ್ ಬಿದ್ದ ಗಿಡ ಹುಡುಕಿ ಕೀಳಲು ಆಳಿಗೆ ಕೂಲಿ ಇಲ್ಲ, ಅದು ಪಕ್ಕದ ಗಿಡಕ್ಕೆ ಹೋಯಿತು. 2004ಕ್ಕೆ ರೇಟು ಸ್ವಲ್ಪ ಚೇತರಿಸಿಕೊಂಡಾಗ ಮಾರಲು ಕಾಫಿಯೇ ಕಡಿಮೆ. ಕಷ್ಟಕಾಲದಲ್ಲಿ ತೋಟವನ್ನೇ ತಿಂದರೆ ಒಳ್ಳೆ ಕಾಲ ಬಂದರೂ ಉಪಯೋಗವಿಲ್ಲ. ದೇಶಗಳಿಗೂ ಹೀಗೇ ಆಗಿದೆ. 1997ರಲ್ಲಿ ಥಾಯ್ಲೆಂಡಿನ ನಾಣ್ಯ ಬಾತ್ ಕುಸಿದ ಮೇಲೆ ಇಂಡೋನೇಷ್ಯಾ ನೋಡಿ. ಅಲ್ಲಿನ ಕಂಪನಿಗಳು ಡಾಲರ್‌ನಲ್ಲಿ ಸಾಲ ಮಾಡಿದ್ದವು, ಗಳಿಕೆ ಮಾತ್ರ ತಮ್ಮ ನಾಣ್ಯ ರುಪಿಯಾದಲ್ಲಿ. ರುಪಿಯಾ ಬಿದ್ದಾಗ ಸಾಲ ತಾನಾಗಿಯೇ ಹಲವು ಪಟ್ಟಾಯಿತು. 1998ರಲ್ಲಿ ಅವರ ಆರ್ಥಿಕತೆ ಶೇಕಡ 13ರಷ್ಟು ಕುಗ್ಗಿತು. ಅದೇ ಇಂಡೋನೇಷ್ಯಾ 2009ರಲ್ಲಿ, ಪ್ರಪಂಚ ಮುಳುಗುವಾಗ, ಶೇಕಡ 4ಕ್ಕಿಂತ ಮೇಲೆ ಬೆಳೆಯಿತು. ಜನ ಅದೇ, ದ್ವೀಪಗಳೂ ಅವೇ. ನಡುವೆ ಒಂದು ಸಲ ಬಾಯಿ ಸುಟ್ಟುಕೊಂಡಿದ್ದರು, ಅಷ್ಟೇ.

ತೆನಾಲಿ ರಾಮನ ಬೆಕ್ಕಿನ ಕಥೆ ಗೊತ್ತಲ್ಲ? ಒಮ್ಮೆ ಬಿಸಿ ಹಾಲಿಗೆ ಬಾಯಿ ಹಾಕಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಭಾರತವೂ ಅಂಥ ಬೆಕ್ಕೇ. 1991ರಲ್ಲಿ ನಮ್ಮ ಹತ್ತಿರ ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಡಾಲರ್ ಉಳಿದಿತ್ತು. ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡ ಇಟ್ಟಿತು. ಚಿಕ್ಕಮ್ಮನ ಸರದ ಕಥೆಯೇ, ತೂಕ ಮಾತ್ರ ಜಾಸ್ತಿ. ಆ ಅವಮಾನದ ಮೇಲೆ ದೇಶ ಡಾಲರ್ ಕೂಡಿಡುತ್ತ ಬಂತು. 2008ರ ಮಾರ್ಚ್ ಹೊತ್ತಿಗೆ ಸುಮಾರು 310 ಬಿಲಿಯನ್ ಡಾಲರ್ ಇತ್ತು. ಅಷ್ಟು ದುಡ್ಡು ಸುಮ್ನೆ ಕೊಳೆಯುತ್ತಿದೆ, ರಸ್ತೆಗಾದರೂ ಹಾಕಿ ಅಂತ ಬೈದವರೂ ಇದ್ದರು.

ಇನ್ನೊಂದು ಜಿಪುಣತನವೂ ಇತ್ತು. ವೈ.ವಿ. ರೆಡ್ಡಿ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದಾಗ, ಎಲ್ಲ ಚೆನ್ನಾಗಿ ಓಡುತ್ತಿರುವಾಗಲೇ ಬ್ರೇಕ್ ಒತ್ತುತ್ತಿದ್ದರು. ಮನೆ, ಸೈಟು, ರಿಯಲ್ ಎಸ್ಟೇಟ್ ಸಾಲಕ್ಕೆ ಬ್ಯಾಂಕುಗಳು ಜಾಸ್ತಿ ಬಂಡವಾಳ ಎತ್ತಿಡಬೇಕು ಅಂದರು. 2008ರ ಆಗಸ್ಟ್ ಕೊನೆಗೆ ಬ್ಯಾಂಕಿಗೆ ಬಂದ ಪ್ರತಿ 100 ರೂಪಾಯಿ ಡಿಪಾಸಿಟ್‌ನಲ್ಲಿ 9 ರೂಪಾಯಿ ರಿಸರ್ವ್ ಬ್ಯಾಂಕಿನಲ್ಲಿ, 25 ರೂಪಾಯಿ ಹೆಚ್ಚುಕಮ್ಮಿ ಸರ್ಕಾರಿ ಸಾಲಪತ್ರದಲ್ಲಿ ಇರಲೇಬೇಕಿತ್ತು. ಬ್ಯಾಂಕಿನವರು ಗೊಣಗಿದರು. ನಾನೂ ಆಗ ಗೊಣಗಿದೆ, ನನಗೆ ಹಾಸನದಲ್ಲಿ ಸೈಟ್ ಲೋನ್ ಬೇಕಿತ್ತು.

ಈಗ 2008ರ ಡೈರಿ. ಚಿಕ್ಕಪ್ಪನ ಸಾಲ ಕಡಿಮೆಯಾಗಿತ್ತು, ಇದ್ದದ್ದೂ ರೂಪಾಯಿಯದೇ. ಹೊಸದಾಗಿ ಏನೂ ಹಾಕಿಸಿರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಒಂದು ಸಾಲು: "ವ್ಯಾಪಾರಿ ರೇಟ್ ಹೇಳ್ತಿಲ್ಲ." ಅದು ಭಾರಿ ಸಾಲು. ರೇಟು ಕಡಿಮೆ ಅಂದರೆ ಬೈಯಬಹುದು, ಹೇಳಲೇ ಇಲ್ಲ ಅಂದರೆ ಏನು ಮಾಡೋದು? ನಮ್ಮ ಕಾಫಿಯಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ, ಇಟಲಿಯವರು ಎಲ್ಲಕ್ಕಿಂತ ದೊಡ್ಡ ಗಿರಾಕಿ. ಅಲ್ಲಿನ ಬ್ಯಾಂಕುಗಳು ಒಬ್ಬರನ್ನೊಬ್ಬರು ನಂಬದೆ ಕೂತಿದ್ದವು. ಮುಂಬೈಯಲ್ಲೂ ಅಕ್ಟೋಬರ್ 10ರ ಸುಮಾರಿಗೆ ಬ್ಯಾಂಕುಗಳು ಪರಸ್ಪರ ಒಂದು ರಾತ್ರಿಗೆ ಕೊಡುವ ಸಾಲದ ಬಡ್ಡಿ ಶೇಕಡ 20ರ ಹತ್ತಿರ ಹೋಗಿತ್ತು. ಜನವರಿಯಲ್ಲಿ 21 ಸಾವಿರ ಇದ್ದ ಸೆನ್ಸೆಕ್ಸ್ ಅಕ್ಟೋಬರ್ ಕೊನೆಗೆ 8 ಸಾವಿರದ ಆಸುಪಾಸಿಗೆ ಬಂದಿತ್ತು.

ಕೂಡಿಟ್ಟದ್ದು ಆಗ ಕೆಲಸಕ್ಕೆ ಬಂತು. ಹೊಸ ಗವರ್ನರ್ ಡಿ. ಸುಬ್ಬರಾವ್ ಬಂದು ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ, ಅಕ್ಟೋಬರ್‌ನಿಂದ ಶುರುಮಾಡಿ ಆ 9 ರೂಪಾಯಿಯನ್ನು ಜನವರಿ ಹೊತ್ತಿಗೆ 5ಕ್ಕೆ ಇಳಿಸಿದರು. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಅಂದರೆ ರೆಪೋ ದರ, ಶೇಕಡ 9 ಇದ್ದದ್ದು ಏಪ್ರಿಲ್‌ಗೆ 4.75 ಆಯಿತು. ಮೊದಲೇ 5ರಲ್ಲಿ ಇದ್ದಿದ್ದರೆ ಇಳಿಸಲು ಏನಿರುತ್ತಿತ್ತು? ಅಮೆರಿಕದಲ್ಲಿ ಬಡ್ಡಿ ಆಗಲೇ ಸೊನ್ನೆಗೆ ಬಂದಿತ್ತು, ಇಳಿಯಲು ಮೆಟ್ಟಿಲೇ ಇರಲಿಲ್ಲ.

ಆದರೆ ನಮ್ಮ ತೋಟವನ್ನು ಉಳಿಸಿದ್ದು ಬಡ್ಡಿ ಅಲ್ಲ, ಬಿದ್ದ ರೂಪಾಯಿ. ಡಿಸೆಂಬರ್‌ನಲ್ಲಿ ಚಿಕ್ಕಪ್ಪ ಬರೆದಿದ್ದು ಇದು: "ಲಂಡನ್ ಬಿದ್ದದೆ. ಡಾಲರ್ ಎದ್ದದೆ. ಕಾಯುವುದು." (ಅರೇಬಿಕಾ ರೇಟು ಕಟ್ಟುವುದು ನ್ಯೂಯಾರ್ಕಿನಲ್ಲಿ, ಲಂಡನ್ ಇರುವುದು ರೊಬಸ್ಟಾಕ್ಕೆ. ಚಿಕ್ಕಪ್ಪನಿಗೆ ಎರಡೂ ಲಂಡನ್ನೇ.) ವಿದೇಶಿಯರು ಶೇರು ಮಾರಿ ಡಾಲರ್ ಎತ್ತಿಕೊಂಡು ಹೋದರು. ವರ್ಷದ ಶುರುವಿನಲ್ಲಿ ಡಾಲರಿಗೆ 39-40 ಇದ್ದ ರೂಪಾಯಿ 2009ರ ಮಾರ್ಚ್‌ಗೆ 50 ದಾಟಿತು. ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಬೀಳುವ ವೇಗ ತಗ್ಗಿಸಿತು, ಆದರೆ ಇಲ್ಲೇ ನಿಲ್ಲು ಅಂತ ಹಟ ಹಿಡಿಯಲಿಲ್ಲ. ಟಿವಿಯವರು ಮಾತ್ರ ರೂಪಾಯಿ ಸತ್ತೇಹೋಯಿತು ಅನ್ನುವ ಹಾಗೆ ಅತ್ತರು.

ಲೆಕ್ಕ ಹಾಕಿ ನೋಡಿ. ಪೌಂಡಿಗೆ 140 ಸೆಂಟ್, ಡಾಲರಿಗೆ 40 ರೂಪಾಯಿ ಅಂದರೆ ಕಿಲೋಗೆ ಸುಮಾರು 123 ರೂಪಾಯಿ. 140 ಇದ್ದದ್ದು 112ಕ್ಕೆ ಇಳಿದು, ಡಾಲರ್ 50 ಆದರೆ? ಆಗಲೂ 123. ಐದರಲ್ಲಿ ಒಂದು ಪಾಲು ಬಿದ್ದರೂ ಬೆಳೆಗಾರನಿಗೆ ಗೊತ್ತೇ ಆಗುವುದಿಲ್ಲ. ಇದು ನಾನು ಕಟ್ಟಿದ ಉದಾಹರಣೆ. ನಿಜವಾಗಿ ಆದದ್ದು ಇನ್ನೂ ಮೃದು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಸರಾಸರಿ ಬೆಲೆ 2008ರಲ್ಲಿ ಸುಮಾರು 124 ಸೆಂಟ್, 2009ರಲ್ಲಿ 116. ವರ್ಷದ ಸರಾಸರಿ ಡಾಲರ್ ಅದೇ ಹೊತ್ತಿಗೆ ಸುಮಾರು 43.50ರಿಂದ 48.40ಕ್ಕೆ ಹೋಯಿತು. ಗುಣಿಸಿದರೆ ರೂಪಾಯಿ ಲೆಕ್ಕದಲ್ಲಿ ಬೆಲೆ ಒಂದು ಚೂರು ಏರಿದೆ! ಜಗತ್ತಿಗೆ ಹಿಂಜರಿತ, ಅರೇಬಿಕಾ ಕಣದಲ್ಲಿ ಮಾಮೂಲಿ ವರ್ಷ.

ಇದರಲ್ಲಿ ಅದೃಷ್ಟದ ಪಾಲೂ ಇದೆ. ಆ ವರ್ಷ ಕೊಲಂಬಿಯಾದಲ್ಲಿ ಬೆಳೆ ಕೈಕೊಟ್ಟಿತು, ಅದಕ್ಕೇ ಅರೇಬಿಕಾ ನಿಂತಿತು. ರೊಬಸ್ಟಾಕ್ಕೆ ಆ ಭಾಗ್ಯ ಇರಲಿಲ್ಲ, ನೂರಕ್ಕೆ ಮೇಲಿದ್ದದ್ದು 75 ಸೆಂಟಿನ ಹತ್ತಿರ ಬಂತು. ಅಷ್ಟು ಮಳೆಗೆ ರೂಪಾಯಿಯ ಕೊಡೆ ಸಾಲದು. ಬರೀ ರೊಬಸ್ಟಾ ಇದ್ದವರು ಈ ಬರಹ ಓದಿದರೆ ನನ್ನನ್ನು ಬೈಯುವುದು ಖಂಡಿತ, ಬೈಯಲಿ. ಜೊತೆಗೆ ಒಂದು ಸಂಗತಿ: ಕೆಲಸ ಹೋದವನು ಕಾರು ಕೊಳ್ಳುವುದು ಬಿಡುತ್ತಾನೆ, ಕಾಫಿ ಕುಡಿಯುವುದು ಬಿಡುವುದಿಲ್ಲ. ಹೋಟೆಲಿನಲ್ಲಿ ಕುಡಿಯುವುದನ್ನು ಮನೆಯಲ್ಲಿ ಕುಡಿಯುತ್ತಾನೆ.

ಚಿಕ್ಕಪ್ಪ ಕಾದ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಒಳಪೊರೆ ಇರುವ ಬೀಜ) ಒಣಗಿಸಿ, ಚೀಲ ಕಟ್ಟಿ, ಗೋದಾಮಿನಲ್ಲಿ ಹಲಗೆ ಹಾಕಿ ಅದರ ಮೇಲೆ ಪೇರಿಸಿ, ಬೀಗ ಹಾಕಿ ಕೂತ. ಆಗಾಗ ಒಂದು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು, ಒಂದು ಬೀಜ ಹಲ್ಲಿನಲ್ಲಿ ಕಡಿದು ತೇವ ನೋಡುವುದು, ಮತ್ತೆ ಕಟ್ಟುವುದು. ಕೂಲಿಗೆ ಮೆಣಸು ಮಾರಿದ, ಈ ಸಲ ಮೆಣಸು ಅಷ್ಟು ಬಿದ್ದಿರಲಿಲ್ಲ. 2001ರಲ್ಲಿ ಹೀಗೆ ಕಾಯುವ ತಾಕತ್ತು ಇರಲಿಲ್ಲ, ಸಾಲಗಾರ ಬಾಗಿಲಲ್ಲೇ ಇದ್ದ. ಕಾಯಲು ಆಗುವುದು, ಆಗದೇ ಇರುವುದು, ನನ್ನ ಪ್ರಕಾರ ಇಡೀ ವಿಷಯ ಇರುವುದು ಇಷ್ಟರಲ್ಲೇ. ರಿಸರ್ವ್ ಬ್ಯಾಂಕ್ ಕೂಡ ಮಾಡಿದ್ದು ಅದನ್ನೇ. 310 ಬಿಲಿಯನ್ ಇದ್ದದ್ದು ಒಂದು ವರ್ಷದಲ್ಲಿ 252ಕ್ಕೆ ಇಳಿಯಿತು, ಯಾರೂ ಹೌಹಾರಲಿಲ್ಲ, ಗೋದಾಮಿನಲ್ಲಿ ಇನ್ನೂ ಚೀಲ ಇತ್ತು.

ಊರಿನೊಳಗೆ ದುಡ್ಡು ಓಡಾಡುತ್ತಿತ್ತು ಅನ್ನುವುದೂ ನಿಜ. ನಮ್ಮ ದೊಡ್ಡಮ್ಮನ ಅಳಿಯ ರೈಲ್ವೆಯಲ್ಲಿದ್ದರು. ಆರನೇ ವೇತನ ಆಯೋಗದ ಅರಿಯರ್ಸ್‌ನಲ್ಲಿ ಶೇಕಡ 40 ಆ ವರ್ಷ ಬಂತು, ಉಳಿದದ್ದು ಮುಂದಿನ ವರ್ಷ. ಡಿಸೆಂಬರ್‌ನಲ್ಲಿ ಸರ್ಕಾರ ಕಾರ್ಖಾನೆ ಸರಕಿನ ಮೇಲಿನ ಅಬಕಾರಿ (ಎಕ್ಸೈಸ್) ಸುಂಕವನ್ನು ಶೇಕಡ 4ರಷ್ಟು ಇಳಿಸಿತು, ಅವರು ಜನವರಿಯಲ್ಲಿ ಹೊಸ ಬೈಕ್ ತಂದರು, ಸಕಲೇಶಪುರದ ದೇವಸ್ಥಾನದ ಮುಂದೆ ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ನರೇಗಾ 2008ರ ಏಪ್ರಿಲ್‌ಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗೂ ಬಂದಿತ್ತು. ರೈತರ ಸಾಲಮನ್ನಾ ಅದೇ ವರ್ಷದ ಬಜೆಟ್‌ನಲ್ಲಿ. ಸುಂಕ ಇಳಿಸಿದ್ದೊಂದು ಬಿಟ್ಟರೆ ಇವು ಹಿಂಜರಿತಕ್ಕೆ ಔಷಧಿ ಅಂತ ತಂದಿದ್ದಲ್ಲ, ಮುಂದೆ ಚುನಾವಣೆ ಇತ್ತು. ಔಷಧಿಯಾಗಿ ಕೆಲಸ ಮಾಡಿತು, ಅಷ್ಟೇ.

ಇನ್ನು ಡೈರಿಯಲ್ಲಿ ಇಲ್ಲದ ಭಾಗ. ನನಗೆ ಗೊತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಪ್ಪನ ಮಗ, ನನ್ನ ತಮ್ಮ, ಆ ವರ್ಷ ಎಂಜಿನಿಯರಿಂಗ್ ಮುಗಿಸಿದ್ದ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಕ್ಯಾಂಪಸ್ಸಿನಲ್ಲೇ ಆಯ್ಕೆ ಮಾಡಿತ್ತು. ಜಾಯಿನಿಂಗ್ ದಿನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು, ಆಮೇಲೆ ಮೇಲ್ ಬರುವುದೇ ನಿಂತಿತು. ಹತ್ತು ತಿಂಗಳು ತೋಟದಲ್ಲಿದ್ದ. ಕುಯ್ಲಿನ ಲೆಕ್ಕ ಬರೆದ, ಜೀಪ್ ಓಡಿಸಿದ, ನೆಂಟರ ಮದುವೆಗಳಿಗೆ ಹೋಗುವುದು ಬಿಟ್ಟ. "ಏನಪ್ಪಾ, ಇನ್ನೂ ಕರೀಲಿಲ್ವಾ?" ಅಂತ ಕೇಳುತ್ತಾರೆ ಅಂತ.

ತೋಟದ ಆಳುಗಳ ಲೈನ್ ಮನೆಯಲ್ಲಿದ್ದ ಮೇಸ್ತ್ರಿಯ ಮಗಳು ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದಳು. ದೇಶದ ಸರಕು ರಫ್ತು ಅಕ್ಟೋಬರ್ 2008ರಿಂದ ಹದಿಮೂರು ತಿಂಗಳು ಹಿಂದಿನ ವರ್ಷಕ್ಕಿಂತ ಕೆಳಗೇ ಇತ್ತು. ಅದರ ಅರ್ಥ ಅವಳಿಗೆ ಹೀಗೆ ತಿಳಿಯಿತು: ಮೊದಲು ಓವರ್‌ಟೈಮ್ ನಿಂತಿತು, ಆಮೇಲೆ ವಾರಕ್ಕೆ ನಾಲ್ಕು ದಿನ ಕೆಲಸ, ಆಮೇಲೆ ಒಂದು ಲೈನ್ ಪೂರ್ತಿ ಬಂದ್. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸುಮಾರು 5 ಲಕ್ಷ ಕೆಲಸ ಹೋಯಿತು ಅಂತ ಕೇಂದ್ರದ ಲೇಬರ್ ಬ್ಯೂರೋ ಅಂದಾಜು ಮಾಡಿತು. ಆ ಐದು ಲಕ್ಷದಲ್ಲಿ ಇವಳು ಇದ್ದಳೋ ಇಲ್ಲವೋ, ಯಾಕೆಂದರೆ ಅವಳನ್ನು ಯಾರೂ ತೆಗೆಯಲಿಲ್ಲ, ಅವಳೇ ಬರುವುದು ಬಿಟ್ಟಳು ಅಂತ ಲೆಕ್ಕ. ಬಾಡಿಗೆ ರೂಮು ಖಾಲಿ ಮಾಡಿ ಊರಿಗೆ ಬಂದು ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ದಳು.

ಇವರಿಬ್ಬರನ್ನೂ ಹಿಡಿದುಕೊಂಡಿದ್ದು ರಿಸರ್ವ್ ಬ್ಯಾಂಕ್ ಅಲ್ಲ, ಯಾವ ಪ್ಯಾಕೇಜೂ ಅಲ್ಲ. ಅಪ್ಪನ ಮನೆ, ಅಷ್ಟೇ. ನಮ್ಮ ದೇಶದಲ್ಲಿ ನಿರುದ್ಯೋಗ ಭತ್ಯೆ ಅನ್ನುವುದು ಹೆಚ್ಚಿನವರಿಗೆ ಇದೇ ರೂಪದಲ್ಲಿ ಸಿಗುವುದು. ಇಬ್ಬರಿಗೂ ಒಂದೇ ಥರ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು. ಅವನು ಜೀಪಿನಲ್ಲಿ ಕೂತು ತೂಕ ಬರೆಯುತ್ತಿದ್ದ, ಅವಳು ತೂಕಕ್ಕೆ ಹಣ್ಣು ತರುತ್ತಿದ್ದಳು.

ದೇಶ ಎಷ್ಟು ಚೆನ್ನಾಗಿ ತಡೆದುಕೊಂಡಿತು ಅನ್ನುವುದೂ ಆಮೇಲೆ ಬದಲಾಯಿತು. 2008-09ರಲ್ಲಿ ಶೇಕಡ 6.7 ಬೆಳೆದೆವು ಅಂತ ಎಲ್ಲರೂ ಬೆನ್ನು ತಟ್ಟಿಕೊಂಡಿದ್ದೆವು. 2018ರಲ್ಲಿ ಲೆಕ್ಕದ ಹೊಸ ವಿಧಾನದಲ್ಲಿ ಹಿಂದಿನ ವರ್ಷಗಳನ್ನೂ ಮತ್ತೆ ಎಣಿಸಿದಾಗ ಅದೇ ವರ್ಷ 3.1 ಆಯಿತು. ಲೆಕ್ಕ ಬರೆಯುವವನಾಗಿ ನನಗೆ ಇದು ನಗು ತರಿಸುತ್ತದೆ. ನಾನು ಹಾಗೆ ಮಾಡಿದರೆ ನೋಟಿಸ್ ಬರುತ್ತದೆ. ಆದರೂ 3.1 ಕೂಡ ಬೀಳುವುದಲ್ಲ. ರಷ್ಯಾ 2009ರಲ್ಲಿ ಶೇಕಡ 8ರ ಹತ್ತಿರ ಕುಗ್ಗಿತು, ಅದರ ಹತ್ತಿರ ನಮಗಿಂತ ಜಾಸ್ತಿ ಡಾಲರ್ ಇತ್ತು. ಅವರಿಗೆ ಎಣ್ಣೆ ಒಂದೇ ಬೆಳೆ, ಕಂಪನಿಗಳ ಮೇಲೆ ಹೊರಗಿನ ಸಾಲ ಬೇರೆ. ಗೋದಾಮು ತುಂಬಿದ್ದರೂ ಎಲ್ಲ ಬಾಗಿಲೂ ಒಂದೇ ದಿಕ್ಕಿಗೆ ತೆರೆದಿತ್ತು.

ಈ ಖರ್ಚಿನ ಬಿಲ್ಲು ಆಮೇಲೆ ಬಂತು. ಕೇಂದ್ರದ ಬಜೆಟ್ ಕೊರತೆ ಒಂದೇ ವರ್ಷದಲ್ಲಿ ದೇಶದ ಉತ್ಪನ್ನದ ಶೇಕಡ 2.5ರಿಂದ 6ಕ್ಕೆ ಹಾರಿತ್ತು. 2009ರ ಕೊನೆಗೆ, ಮಳೆಯೂ ಕೈಕೊಟ್ಟು, ಆಹಾರದ ಬೆಲೆ ಏರಿಕೆ ಶೇಕಡ 20ರ ಹತ್ತಿರ ಹೋಯಿತು. ಬೇಳೆ ತರಲು ಹೋದ ಚಿಕ್ಕಮ್ಮ ಅರ್ಧ ಕಿಲೋ ತಂದರು. 2013ರ ಆಗಸ್ಟ್‌ನಲ್ಲಿ ಡಾಲರ್ 68 ದಾಟಿದ್ದಕ್ಕೂ ಈ ಬಾಕಿಗೂ ಸಂಬಂಧ ಇದೆ.

ಇನ್ನೊಂದು ವಿಚಿತ್ರ. 2010ರಲ್ಲಿ, ಅಂದರೆ ಜಾಗತಿಕ ಹಿಂಜರಿತ ಮುಗಿಯುತ್ತಿದ್ದ ಹಾಗೆ, ಕೇಂದ್ರ ಸರ್ಕಾರ ಸಣ್ಣ ಕಾಫಿ ಬೆಳೆಗಾರರಿಗೆ ಸಾಲ ಪರಿಹಾರದ ಪ್ಯಾಕೇಜ್ ಕೊಟ್ಟಿತು. ಓದಿದರೆ 2008ರ ಸಾಲಕ್ಕೆ ಅನ್ನಿಸುತ್ತದೆ. ಅಲ್ಲ. ತೀರಿಸಲಾಗದೆ ಉಳಿದಿದ್ದು 2001ರ ಆಸುಪಾಸಿನ ಹಳೆ ಸಾಲ. ಹತ್ತು ವರ್ಷವಾದರೂ ಮಲೆನಾಡು ಆ ಸಣ್ಣ, ಯಾರಿಗೂ ನೆನಪಿಲ್ಲದ ಕುಸಿತದ ಬಡ್ಡಿಯನ್ನೇ ಕಟ್ಟುತ್ತಿತ್ತು. ಮರುವರ್ಷ ಕಾಫಿ ಸರಾಸರಿ 210 ಸೆಂಟಿಗೆ ಏರಿತು. ಚಿಕ್ಕಪ್ಪ ಗೋದಾಮಿಗೆ ಹೊಸ ಶೀಟ್ ಹಾಕಿಸಿದ, ಸಾಲ ಮಾಡದೆ. ಖಾಲಿ ಜಾಗಕ್ಕೆಲ್ಲ ಓಕ್ ಸಸಿ ನೆಡಿಸಿದ.

ತಮ್ಮನಿಗೆ ಕಂಪನಿಯ ಮೇಲ್ 2009ರ ಸೆಪ್ಟೆಂಬರ್‌ನಲ್ಲಿ ಬಂತು, ಮೊದಲು ಹೇಳಿದ್ದಕ್ಕಿಂತ ಕಡಿಮೆ ಸಂಬಳಕ್ಕೆ. ಹೋದ. ಗಾರ್ಮೆಂಟ್ಸ್‌ನವರೂ ಆಮೇಲೆ ಆಳು ಬೇಕು ಅಂತ ಹಳ್ಳಿ ಹಳ್ಳಿಗೆ ವ್ಯಾನ್ ಕಳಿಸಿದರು. ಅಷ್ಟರಲ್ಲಿ ಮೇಸ್ತ್ರಿ ಮಗಳಿಗೆ ಮದುವೆಯಾಗಿತ್ತು, ಆಲೂರಿನ ಕಡೆಗೆ. ಮೊನ್ನೆ ಸಂತೆಯಲ್ಲಿ ಸಿಕ್ಕಿದ್ದಳು. "ಅಣ್ಣಾ, ಆಗ ಮೂರು ತಿಂಗಳ ಪಿಎಫ್ ಬರಬೇಕಿತ್ತು, ಈಗ ಕೇಳಿದ್ರೆ ಕೊಡ್ತಾರಾ?" ಅಂದಳು. ನಂಬರ್ ಇದ್ದರೆ ಚೀಟಿ ತಂದುಕೊಡು, ನೋಡೋಣ ಅಂದಿದ್ದೇನೆ.